ಸಾಫ್ಟಾ ಒಪ್ಪಂದಕ್ಕೆ ಮುಂದೇನು? ಒಂದು ಮೆಣಸಿನ ಮೂಟೆಯಿಂದ ಶುರು ಮಾಡೋಣ

ಕೊಲಂಬೊದಿಂದ ಹೊರಟ ಕಾಳುಮೆಣಸಿನ ಮೂಟೆಯೊಂದು ತೂತ್ತುಕುಡಿ ಬಂದರಿನಲ್ಲಿ ಇಳಿಯಿತು ಅಂದುಕೊಳ್ಳಿ. ಅದಕ್ಕೆ ಎಷ್ಟು ಆಮದು ಸುಂಕ ಕಟ್ಟಬೇಕು?

ಮೆಣಸಿಗೆ ಭಾರತ ಹಾಕುವ ಸಾಮಾನ್ಯ ಸುಂಕ ಶೇ. 70. ಮೂಟೆಯ ಜೊತೆ ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ ಸರ್ಟಿಫಿಕೇಟ್ ಇದ್ದರೆ ಅದು ಶೇ. 8ಕ್ಕೆ ಇಳಿಯುತ್ತದೆ. ಸಾಫ್ಟಾ ಬದಲು ಭಾರತ-ಶ್ರೀಲಂಕಾ ಒಪ್ಪಂದದ ಸರ್ಟಿಫಿಕೇಟ್ ಇದ್ದು, ಆ ವರ್ಷದ 2,500 ಟನ್ ಮಿತಿ ಇನ್ನೂ ತುಂಬಿಲ್ಲ ಎಂದರೆ ಸುಂಕವೇ ಇಲ್ಲ. ಮೆಣಸು ಅದೇ, ಹಡಗು ಅದೇ, ಬಂದರೂ ಅದೇ. ಜೊತೆಗಿರುವ ಕಾಗದ ಮಾತ್ರ ಬೇರೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಬೆಳೆಗಾರರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಮೆಣಸಿನ ಬೆಲೆ ಬಿದ್ದಾಗೆಲ್ಲ ಅವರು ಸಾಫ್ಟಾ ಹೆಸರು ಎತ್ತುತ್ತಾರೆ. ಉಳಿದವರಿಗೆ ಅದು ಪೇಪರಿನ ಒಳಪುಟದಲ್ಲಿ ಕಂಡು ಮರೆತುಹೋಗುವ ಹೆಸರು. ನಮ್ಮ ಸುತ್ತಲಿನ ದೇಶಗಳ ಜೊತೆ ನಾವು ಹೇಗೆ ವ್ಯಾಪಾರ ಮಾಡುತ್ತೇವೆ, ಮುಂದೆ ಹೇಗೆ ಮಾಡುತ್ತೇವೆ ಎಂಬುದಕ್ಕೆ ತಳಪಾಯ ಈ ಒಪ್ಪಂದವೇ. ಆ ತಳಪಾಯ ಈಗ ಅಲುಗಾಡುತ್ತಿದೆ. ಏಕೆ ಅಂತ ನಿಧಾನವಾಗಿ ನೋಡೋಣ.

ಎಂಟು ದೇಶಗಳ ಒಂದು ಮಾತು

ಬಾಂಗ್ಲಾದೇಶ, ಭೂತಾನ್, ಭಾರತ, ಮಾಲ್ಡೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ. ಈ ಏಳು ದೇಶಗಳು ಸೇರಿ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಾರ್ಕ್ ಎಂಬ ಒಕ್ಕೂಟ ಕಟ್ಟಿಕೊಂಡವು. ಅಫ್ಘಾನಿಸ್ತಾನ 2007ರಲ್ಲಿ ಎಂಟನೆಯದಾಗಿ ಸೇರಿತು. ಕಚೇರಿ ಇರುವುದು ಕಠ್ಮಂಡುವಿನಲ್ಲಿ.

ವ್ಯಾಪಾರದ ವಿಷಯಕ್ಕೆ ಇವು ಮೊದಲು ಕೈ ಹಾಕಿದ್ದು 1993ರಲ್ಲಿ. ಆಗ ಮಾಡಿಕೊಂಡದ್ದು ಸಾಪ್ಟಾ ಎಂಬ ಸಣ್ಣ ಒಪ್ಪಂದ. ಆಯ್ದ ಕೆಲವು ವಸ್ತುಗಳಿಗೆ ಒಂದಿಷ್ಟು ರಿಯಾಯಿತಿ, ಅಷ್ಟೇ. ಅದರಿಂದ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಹಾಗಾಗಿ 2004ರ ಜನವರಿ 6ರಂದು ಇಸ್ಲಾಮಾಬಾದ್ ಶೃಂಗಸಭೆಯಲ್ಲಿ ಸಾಫ್ಟಾಕ್ಕೆ ಸಹಿ ಬಿತ್ತು. ಒಪ್ಪಂದ ಜಾರಿಗೆ ಬಂದದ್ದು 2006ರ ಜನವರಿ 1ರಿಂದ. ಸುಂಕ ಇಳಿಸುವ ಕೆಲಸ ಅದೇ ವರ್ಷದ ಜುಲೈನಲ್ಲಿ ಶುರುವಾಯಿತು.

ಇದರಲ್ಲಿ ಒಂದು ಒಳ್ಳೆಯ ತತ್ವವಿತ್ತು. ಎಲ್ಲರೂ ಒಂದೇ ವೇಗದಲ್ಲಿ ಓಡಬೇಕಿಲ್ಲ. ಭಾರತ, ಪಾಕಿಸ್ತಾನ, ಶ್ರೀಲಂಕಾ ಸ್ವಲ್ಪ ಗಟ್ಟಿ ದೇಶಗಳು. ಇವು ಮೊದಲ ಎರಡು ವರ್ಷದಲ್ಲಿ ಸುಂಕವನ್ನು ಶೇ. 20ಕ್ಕೆ ತಂದು, ಆಮೇಲೆ ಸೊನ್ನೆಯಿಂದ ಐದರೊಳಗೆ ಇಳಿಸಬೇಕು. ಭಾರತ ಮತ್ತು ಪಾಕಿಸ್ತಾನಕ್ಕೆ ಅದಕ್ಕೆ ಸಿಕ್ಕ ಕಾಲ ಐದು ವರ್ಷ, ಶ್ರೀಲಂಕಾಕ್ಕೆ ಆರು. ಉಳಿದವು ಆಗ ವಿಶ್ವಸಂಸ್ಥೆಯ ಲೆಕ್ಕದಲ್ಲಿ ತೀರಾ ಹಿಂದುಳಿದ ದೇಶಗಳು. ಎಲ್‌ಡಿಸಿ ಅನ್ನುತ್ತಾರಲ್ಲ, ಅವು. ಅವಕ್ಕೆ ಎಂಟು ವರ್ಷ. ಗಟ್ಟಿ ದೇಶಗಳು ಈ ಬಡ ನೆರೆಯವರಿಗಾಗಿ ಮೂರೇ ವರ್ಷದಲ್ಲಿ ಬಾಗಿಲು ತೆರೆಯಬೇಕು ಎಂದೂ ಬರೆದುಕೊಂಡರು. ಮನೆಯಲ್ಲಿ ದೊಡ್ಡವನು ಹೆಚ್ಚು ಭಾರ ಹೊರುವುದು ಸರಿ ಅಲ್ವಾ? ಹಾಗೆ.

ಕಾಗದದ ಮೇಲೆ 2016ರ ಹೊತ್ತಿಗೆ ಎಲ್ಲವೂ ಮುಗಿಯಬೇಕಿತ್ತು. ದಕ್ಷಿಣ ಏಷ್ಯಾದ ಉದ್ದಗಲಕ್ಕೂ ಸರಕು ಹೆಚ್ಚುಕಡಿಮೆ ಸುಂಕವಿಲ್ಲದೆ ಓಡಾಡಬೇಕಿತ್ತು.

ಹಾಗಾಗಲಿಲ್ಲ. ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ನಡೆಯುವ ವ್ಯಾಪಾರ ಶೇ. 5ರ ಆಸುಪಾಸಿನಲ್ಲೇ ನಿಂತಿದೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಲ್ಲಿ ಅದು ಹತ್ತಿರಹತ್ತಿರ ಕಾಲು ಭಾಗ. ವಿಶ್ವಬ್ಯಾಂಕ್ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ನಮ್ಮೊಳಗೆ ಆಗ ನಡೆಯುತ್ತಿದ್ದ ಸರಕು ವ್ಯಾಪಾರ ಸುಮಾರು 2,300 ಕೋಟಿ ಡಾಲರ್. ಅಡ್ಡಿಗಳು ಇಲ್ಲದಿದ್ದರೆ ಅದು ಕನಿಷ್ಠ 6,700 ಕೋಟಿ ಡಾಲರ್ ಆಗಬಹುದಿತ್ತು. ಭಾರತದ ಕಂಪನಿಯೊಂದಕ್ಕೆ ಪಕ್ಕದ ದೇಶದ ಜೊತೆ ವ್ಯಾಪಾರ ಮಾಡುವುದಕ್ಕಿಂತ ಬ್ರೆಜಿಲ್ ಜೊತೆ ಮಾಡುವುದು ಸುಮಾರು ಶೇ. 20ರಷ್ಟು ಅಗ್ಗ ಎಂದೂ ಆ ವರದಿ ಹೇಳಿತು. ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಹೋಗುವುದು ಅಗ್ಗ, ಬೇಲಿ ದಾಟುವುದು ದುಬಾರಿ. ನನಗೆ ಇದನ್ನು ಓದಿದಾಗಲೆಲ್ಲ ಬೇಸರವಾಗುತ್ತದೆ. ದುಡ್ಡಿನ ನಷ್ಟಕ್ಕಿಂತ ಜಾಸ್ತಿ, ಅಕ್ಕಪಕ್ಕದವರು ಒಬ್ಬರಿಗೊಬ್ಬರು ಇಷ್ಟು ದೂರವಾಗಿದ್ದಾರಲ್ಲ ಎಂಬ ಬೇಸರ.

ಸುಂಕ ಇಳಿದರೂ ಸರಕು ಏಕೆ ಹೋಗಲಿಲ್ಲ

ಮೊದಲ ಕಾರಣ ಸೂಕ್ಷ್ಮ ಪಟ್ಟಿ. ಪ್ರತಿ ದೇಶವೂ "ಇವುಗಳ ಮೇಲೆ ಸುಂಕ ಇಳಿಸಲ್ಲ" ಎಂದು ಕೆಲವು ವಸ್ತುಗಳನ್ನು ಪಕ್ಕಕ್ಕಿಡಬಹುದು. ತನ್ನ ರೈತರನ್ನು, ಸಣ್ಣ ಕಾರ್ಖಾನೆಗಳನ್ನು ಕಾಪಾಡಿಕೊಳ್ಳಲು ಇಂಥ ಅವಕಾಶ ಬೇಕೇ ಬೇಕು. ಕಷ್ಟ ಶುರುವಾಗಿದ್ದು ಪಟ್ಟಿಗಳು ಉದ್ದವಾದಾಗ. ಬಹುತೇಕ ದೇಶಗಳು ನೂರಾರು ವಸ್ತುಗಳನ್ನು ಅದರೊಳಗೆ ತುಂಬಿದವು. ನೆರೆಯವನು ಚೆನ್ನಾಗಿ ತಯಾರಿಸುವ ವಸ್ತುವೇ ನಮ್ಮ ಸೂಕ್ಷ್ಮ ಪಟ್ಟಿಯಲ್ಲಿ ಕೂತರೆ, ಉಳಿದದ್ದಕ್ಕೆ ಸುಂಕ ಸೊನ್ನೆ ಮಾಡಿದರೂ ಅವನಿಗೆ ಏನೂ ಸಿಗುವುದಿಲ್ಲ.

ಇಲ್ಲಿ ಭಾರತ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. 2011ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ನ ಅಡ್ಡು ಶೃಂಗಸಭೆಯಲ್ಲಿ, ಬಡ ದೇಶಗಳಿಗೆ ಅನ್ವಯಿಸುವ ನಮ್ಮ ಪಟ್ಟಿಯನ್ನು 480ರಿಂದ 25ಕ್ಕೆ ಇಳಿಸುವುದಾಗಿ ಭಾರತ ಘೋಷಿಸಿತು. ಉಳಿದ 25 ಹೆಚ್ಚಾಗಿ ಮದ್ಯ, ತಂಬಾಕಿನಂಥವು. ಬಾಂಗ್ಲಾದೇಶದ ಸಿದ್ಧ ಉಡುಪು ನಮ್ಮ ಅಂಗಡಿಗಳಿಗೆ ಬರಲು ದಾರಿಯಾದದ್ದು ಹೀಗೆ. ಪಾಕಿಸ್ತಾನ ಮತ್ತು ಶ್ರೀಲಂಕಾಕ್ಕೆ ಅನ್ವಯಿಸುವ ಪಟ್ಟಿ ಮಾತ್ರ ಉದ್ದವಾಗಿಯೇ ಇದೆ. ಮುಂದೆ 868ರಿಂದ 614ಕ್ಕೆ ಇಳಿಯಿತು. ಈ 25 ಮತ್ತು 614 ಎಂಬ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತವೆ.

ಎರಡನೆಯ ಕಾರಣ ಸುಂಕಕ್ಕೆ ಸಂಬಂಧಿಸಿದ್ದೇ ಅಲ್ಲ. ಅದು ಗಡಿಯಲ್ಲಿ ನಿಂತ ಲಾರಿ.

ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಮತ್ತು ಆಚೆಯ ಬೆನಾಪೋಲ್ ನಡುವಿನ ದಾರಿ ಭಾರತ-ಬಾಂಗ್ಲಾ ವ್ಯಾಪಾರದ ಮುಖ್ಯ ಬಾಗಿಲು. ಅಲ್ಲಿ ಒಂದು ಸರಕು ಗಡಿ ದಾಟಲು ಸುಮಾರು 138 ಗಂಟೆ ಹಿಡಿಯುತ್ತದೆ ಎಂದು ವಿಶ್ವಬ್ಯಾಂಕ್ 2021ರಲ್ಲಿ ಲೆಕ್ಕ ಹಾಕಿತ್ತು. ಅಂದರೆ ಐದೂ ಮುಕ್ಕಾಲು ದಿನ. ಅದರಲ್ಲಿ 28 ಗಂಟೆ ಭಾರತದ ಲಾರಿಯಿಂದ ಇಳಿಸಿ ಬಾಂಗ್ಲಾದ ಲಾರಿಗೆ ತುಂಬುವುದಕ್ಕೇ ಹೋಗುತ್ತದೆ. ನಮ್ಮ ಲಾರಿ ಅಲ್ಲಿ ಒಳಗೆ ಓಡುವಂತಿಲ್ಲ, ಅವರ ಲಾರಿ ಇಲ್ಲಿ ಓಡುವಂತಿಲ್ಲ. ಪೂರ್ವ ಆಫ್ರಿಕಾದಲ್ಲಿ ಅಷ್ಟೇ ಸರಕು ಸಾಗುವ ಗಡಿಗಳಲ್ಲಿ ಈ ಕೆಲಸ ಆರು ಗಂಟೆಯೊಳಗೆ ಮುಗಿಯುತ್ತದೆ. ತರಕಾರಿ, ಹಣ್ಣು, ಮೀನು ತುಂಬಿದ ಲಾರಿಗೆ ಐದು ದಿನ ಅಂದರೆ ಏನು ಅರ್ಥ ಅಂತ ಬಿಡಿಸಿ ಹೇಳಬೇಕಿಲ್ಲ. ಶೇ. 5 ಸುಂಕ ಉಳಿಸಿ, ಅದಕ್ಕಿಂತ ಜಾಸ್ತಿ ಬಾಡಿಗೆಗೂ ಕೊಳೆತ ಮಾಲಿಗೂ ಕಳೆದುಕೊಂಡರೆ ಯಾರು ತಾನೇ ವ್ಯಾಪಾರ ಮಾಡುತ್ತಾರೆ?

ಇದರ ಜೊತೆಗೆ ಪರೀಕ್ಷೆಯ ಕಾಟ ಬೇರೆ. ಆಹಾರ ವಸ್ತು ಬಂದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರಯೋಗಾಲಯ ಗಡಿಯ ಹತ್ತಿರ ಇರುವುದಿಲ್ಲ. ಆ ದೇಶದಲ್ಲಿ ಆದ ಪರೀಕ್ಷೆಯನ್ನು ಈ ದೇಶ ನಂಬುವುದಿಲ್ಲ. ಎಲ್ಲರಿಗೂ ಒಂದೇ ಗುಣಮಟ್ಟ ಇರಲಿ ಅಂತ ಢಾಕಾದಲ್ಲಿ ಸಾರ್ಸೊ ಎಂಬ ಸಂಸ್ಥೆಯನ್ನೇ ಮಾಡಿಕೊಂಡಿದ್ದಾರೆ. ಅದಕ್ಕೆ ಬೇಕಾದ ಬಲ ಮಾತ್ರ ಸಿಕ್ಕಿಲ್ಲ.

ಈ ಮೆಣಸು ಎಲ್ಲಿಯದು?

ಈಗ ಮತ್ತೆ ನಮ್ಮ ಮೂಟೆಗೆ ಬರೋಣ. ನನ್ನ ಮಟ್ಟಿಗೆ ಇಡೀ ಒಪ್ಪಂದದ ಜೀವ ಇರುವುದು ಇಲ್ಲೇ.

ಸಾಫ್ಟಾ ರಿಯಾಯಿತಿ ಸಿಗುವುದು ಸಾರ್ಕ್ ದೇಶದಲ್ಲಿ ಹುಟ್ಟಿದ ವಸ್ತುವಿಗೆ ಮಾತ್ರ. ಹಾಗಾದರೆ ಒಂದು ವಸ್ತು "ಹುಟ್ಟಿದ್ದು" ಎಲ್ಲಿ ಅಂತ ತೀರ್ಮಾನ ಮಾಡುವುದು ಹೇಗೆ? ಅದಕ್ಕಿರುವ ಕಟ್ಟಳೆಗಳಿಗೆ ಮೂಲದ ನಿಯಮ ಅನ್ನುತ್ತಾರೆ. ಮೆಣಸು, ಅಡಿಕೆ, ಏಲಕ್ಕಿಯಂಥ ಬೆಳೆಗೆ ಲೆಕ್ಕ ಸುಲಭ. ಅದು ಆ ದೇಶದ ಮಣ್ಣಲ್ಲೇ ಬೆಳೆದಿರಬೇಕು. ಬೇರೆ ಕಡೆಯಿಂದ ತಂದು ಚೊಕ್ಕ ಮಾಡಿ, ಒಣಗಿಸಿ, ಚೀಲ ಬದಲಿಸಿದರೆ ಸಾಲದು. ಕಾರ್ಖಾನೆಯಲ್ಲಿ ತಯಾರಾದ ವಸ್ತುವಿಗೆ ಲೆಕ್ಕ ಬೇರೆ. 100 ರೂಪಾಯಿ ಬೆಲೆಯ ವಸ್ತುವಿನಲ್ಲಿ ಕನಿಷ್ಠ 40 ರೂಪಾಯಿಯಷ್ಟು ಮೌಲ್ಯ ಆ ದೇಶದಲ್ಲೇ ಸೇರಿರಬೇಕು. ಬಡ ದೇಶವಾದರೆ 30 ಸಾಕು. ಶ್ರೀಲಂಕಾಕ್ಕೆ 35. ಜೊತೆಗೆ, ತಂದ ಕಚ್ಚಾ ವಸ್ತು ಕಸ್ಟಮ್ಸ್ ಪಟ್ಟಿಯಲ್ಲಿ ಬೇರೆಯೇ ಗುಂಪಿಗೆ ಸೇರುವಷ್ಟು ಬದಲಾಗಿರಬೇಕು.

ಇದು ಏಕೆ ಮುಖ್ಯ? ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ. ಅಲ್ಲಿನ ಮೆಣಸು ಅಗ್ಗ. ನೇರವಾಗಿ ಭಾರತಕ್ಕೆ ಬಂದರೆ ಭಾರೀ ಸುಂಕ. ಅದೇ ಮೆಣಸು ಶ್ರೀಲಂಕಾಕ್ಕೆ ಹೋಗಿ, ಚೀಲ ಬದಲಾಗಿ, "ಶ್ರೀಲಂಕಾದ ಮೆಣಸು" ಎಂಬ ಸರ್ಟಿಫಿಕೇಟ್ ಹೊತ್ತು ಬಂದರೆ? ನಮ್ಮ ಬೆಳೆಗಾರರು ವರ್ಷಗಟ್ಟಲೆ ಕೂಗಿ ಹೇಳಿದ್ದು ಇದನ್ನೇ. ಆ ಕೂಗಿಗೆ ಕಿವಿಗೊಟ್ಟು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಮೆಣಸಿಗೆ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು. ಕಿಲೋಗೆ 500 ರೂಪಾಯಿ. ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ತರುವಂತಿಲ್ಲ. ಅಡಿಕೆಗೂ ಇಂಥದೇ ಬೇಲಿ ಇದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 351 ರೂಪಾಯಿಗೆ ಏರಿಸಿದರು. ಅಡಿಕೆಯ ಸಾಮಾನ್ಯ ಸುಂಕವೇ ಶೇ. 100. ಹೀಗಿರುವಾಗ ರಿಯಾಯಿತಿ ಸರ್ಟಿಫಿಕೇಟಿಗೆ ಎಷ್ಟು ಬೆಲೆ ಬರುತ್ತದೆ ಯೋಚಿಸಿ.

ಕನಿಷ್ಠ ಬೆಲೆ ಒಳ್ಳೆಯ ಮದ್ದೇ? ಅರ್ಧ ಮಾತ್ರ. ಬಿಲ್ಲಿನಲ್ಲಿ 500 ಅಂತ ಬರೆಸಿಕೊಂಡು, ನಿಜವಾದ ಬೆಲೆಯ ಲೆಕ್ಕವನ್ನು ಬೇರೆ ದಾರಿಯಲ್ಲಿ ಮುಗಿಸಿಕೊಳ್ಳುವವರನ್ನು ಅದು ತಡೆಯುವುದಿಲ್ಲ. ಪ್ರಾಮಾಣಿಕವಾಗಿ ಬೆಳೆದು ಮಾರುವ ಶ್ರೀಲಂಕಾದ ರೈತನಿಗೆ ಮಾತ್ರ ಪೆಟ್ಟು ಬೀಳುತ್ತದೆ. ಕಳ್ಳ ದಾರಿ ಮುಚ್ಚಲು ಹೋಗಿ ನೇರ ದಾರಿಯನ್ನೂ ಕಿರಿದು ಮಾಡಿದಂತೆ.

ಅಡುಗೆ ಎಣ್ಣೆಯ ಕತೆ ಇನ್ನೂ ದೊಡ್ಡದು. ನೇಪಾಳದಲ್ಲಿ ತಾಳೆ ಬೆಳೆಯುವುದಿಲ್ಲ. ಸೋಯಾ ಬೆಳೆ ತೀರಾ ಕಡಿಮೆ. ಆದರೂ ಅಲ್ಲಿಂದ ಭಾರತಕ್ಕೆ ತಾಳೆ ಎಣ್ಣೆ, ಸೋಯಾ ಎಣ್ಣೆ ಹರಿದು ಬರುತ್ತದೆ. ಹೇಗೆ? ಹೊರಗಿನಿಂದ ಕಚ್ಚಾ ಎಣ್ಣೆ ತರಿಸಿ, ಅಲ್ಲಿ ಶುದ್ಧ ಮಾಡಿ, ಸಾಫ್ಟಾದಡಿ ಸುಂಕವಿಲ್ಲದೆ ಇಲ್ಲಿಗೆ ಕಳಿಸುತ್ತಾರೆ. ಈ ವ್ಯಾಪಾರ ಹುಟ್ಟಿದ್ದು ನೇಪಾಳದ ಹೊಲದಲ್ಲಲ್ಲ, ನಮ್ಮ ಸುಂಕದ ಪಟ್ಟಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಭಾರತ ಶುದ್ಧ ಅಡುಗೆ ಎಣ್ಣೆಯ ಮೇಲಿನ ಸುಂಕವನ್ನು, ಸೆಸ್ ಎಲ್ಲ ಸೇರಿ, ಶೇ. 35.75ಕ್ಕೆ ಏರಿಸಿತು. ಕಾರಣ ಸರಿಯಾಗಿಯೇ ಇತ್ತು. ಸೋಯಾ ಬೆಳೆಯುವ ನಮ್ಮ ರೈತರಿಗೆ ಬೆಲೆ ಸಿಗುತ್ತಿರಲಿಲ್ಲ. ಆದರೆ ಒಂದು ಕಡೆ ಶೇ. 36ರಷ್ಟು ಗೋಡೆ ಎಬ್ಬಿಸಿ, ಪಕ್ಕದಲ್ಲೇ ಸೊನ್ನೆ ಸುಂಕದ ಬಾಗಿಲು ತೆರೆದಿಟ್ಟರೆ ಎಣ್ಣೆ ಯಾವ ಕಡೆಯಿಂದ ಹರಿಯುತ್ತದೆ? ನೇಪಾಳದಿಂದ ಬರುವ ಎಣ್ಣೆ ದಿಢೀರ್ ಹೆಚ್ಚಿತು. ಇಲ್ಲಿನ ಎಣ್ಣೆ ಗಿರಣಿಯವರು ದೂರು ಕೊಟ್ಟರು. 2020ರ ಜನವರಿಯಲ್ಲೂ ಹೀಗೇ ಆಗಿತ್ತು. ಆಗ ಭಾರತ ಶುದ್ಧ ತಾಳೆ ಎಣ್ಣೆಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತ್ತು. ಅದರ ಬಿಸಿ ನೇಪಾಳಕ್ಕೂ ತಟ್ಟಿತ್ತು.

2020ರ ಸೆಪ್ಟೆಂಬರ್‌ನಿಂದ ನಮ್ಮ ಕಸ್ಟಮ್ಸ್ ಹೊಸ ನಿಯಮ ತಂದಿದೆ. ಸರ್ಟಿಫಿಕೇಟ್ ತೋರಿಸಿದರೆ ಸಾಲದು. ವಸ್ತು ಎಲ್ಲಿ ಹೇಗೆ ತಯಾರಾಯಿತು, ಮೌಲ್ಯ ಹೇಗೆ ಸೇರಿತು ಎಂಬ ಮಾಹಿತಿಯನ್ನು ಆಮದು ಮಾಡುವವರೇ ಇಟ್ಟುಕೊಂಡಿರಬೇಕು. ಅನುಮಾನ ಬಂದರೆ ಆಚೆ ದೇಶವನ್ನು ಕೇಳಿ ಪರಿಶೀಲಿಸುತ್ತಾರೆ. ಇದು ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಬಾಗಿಲು ಮುಚ್ಚುವ ಬದಲು ಬಂದವರು ಯಾರು ಅಂತ ಕೇಳುವುದು. ಆದರೆ ಇದು ನಡೆಯಬೇಕಾದರೆ ಎರಡೂ ಕಡೆಯ ಅಧಿಕಾರಿಗಳು ಫೋನ್ ಎತ್ತಿ ಮಾತಾಡುವಷ್ಟು ನಂಬಿಕೆ ಇರಬೇಕು. ಕೊರತೆ ಇರುವುದು ಅದಕ್ಕೇ.

ಎರಡು ದೇಶಗಳ ಜಗಳ, ಎಂಟು ದೇಶಗಳ ಸಭೆ

ಸಾರ್ಕ್‌ನಲ್ಲಿ ಎಲ್ಲ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಇಬ್ಬರ ನಡುವಿನ ತಕರಾರುಗಳನ್ನು ಅಲ್ಲಿ ಚರ್ಚೆ ಮಾಡುವಂತಿಲ್ಲ ಎಂದು ಅದರ ಸನ್ನದಿನಲ್ಲೇ ಬರೆದಿದೆ. ಉದ್ದೇಶ ಒಳ್ಳೆಯದೇ, ಜಗಳವನ್ನು ಹೊರಗಿಡುವುದು. ಆದರೆ ಆದದ್ದು ಬೇರೆ. ಜಗಳ ಬಗೆಹರಿಸಲು ಜಾಗ ಇಲ್ಲ, ಜಗಳ ಇದ್ದಾಗ ಸಭೆಯೂ ಇಲ್ಲ.

2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ 18ನೇ ಶೃಂಗಸಭೆ ನಡೆಯಿತು. ಲಾರಿಗಳು ಗಡಿ ದಾಟಿ ಓಡುವ ಮೋಟಾರು ವಾಹನ ಒಪ್ಪಂದ ಅಲ್ಲಿ ಸಿದ್ಧವಾಗಿತ್ತು. ಪಾಕಿಸ್ತಾನ ಒಪ್ಪಲಿಲ್ಲ, ನಿಂತುಹೋಯಿತು. ಮುಂದಿನ ಸಭೆ 2016ರ ನವೆಂಬರ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿತ್ತು. ಸೆಪ್ಟೆಂಬರ್ 18ರಂದು ಉರಿಯಲ್ಲಿ ನಮ್ಮ ಸೈನಿಕರ ಮೇಲೆ ದಾಳಿಯಾಯಿತು. ಭಾರತ ಹೋಗಲ್ಲ ಎಂದಿತು. ಇನ್ನೂ ಕೆಲವು ದೇಶಗಳು ಜೊತೆಗೂಡಿದವು. ಸಭೆ ಮುಂದಕ್ಕೆ ಹೋಯಿತು. ಆಮೇಲೆ ನಡೆಯಲೇ ಇಲ್ಲ. 2021ರಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಅಫ್ಘಾನಿಸ್ತಾನದ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆಯೂ ಸೇರಿಕೊಂಡಿತು.

ಭಾರತ-ಪಾಕಿಸ್ತಾನ ವ್ಯಾಪಾರವಂತೂ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಭಾರತ 1996ರಲ್ಲೇ ಪಾಕಿಸ್ತಾನಕ್ಕೆ ಪರಮಾಪ್ತ ದೇಶದ ಸ್ಥಾನ ಕೊಟ್ಟಿತ್ತು. ಹೆಸರು ಕೇಳಿ ಏನೋ ವಿಶೇಷ ಮಮತೆ ಅಂದುಕೊಳ್ಳಬೇಡಿ. ಬೇರೆ ದೇಶಗಳಿಗೆ ಹಾಕುವಷ್ಟೇ ಸುಂಕ ಇವರಿಗೂ ಹಾಕುತ್ತೇವೆ ಎಂಬುದಷ್ಟೇ ಅದರ ಅರ್ಥ. ಪಾಕಿಸ್ತಾನ ಅದನ್ನು ತಿರುಗಿ ಕೊಡಲಿಲ್ಲ. 2012ರಲ್ಲಿ ಹತ್ತಿರ ಬಂದು ನಿಂತುಬಿಟ್ಟಿತು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯಾದ ಮೇಲೆ ಭಾರತ ಆ ಸ್ಥಾನ ವಾಪಸ್ ಪಡೆದು ಅಲ್ಲಿನ ಸರಕಿನ ಮೇಲೆ ಶೇ. 200 ಸುಂಕ ಹಾಕಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನು ಕೊಂದ ಮೇಲೆ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚಿತು. ಮೇ 2ರಂದು ಭಾರತ ಪಾಕಿಸ್ತಾನದ ಎಲ್ಲ ಆಮದನ್ನೂ ನಿಷೇಧಿಸಿತು, ಬೇರೆ ದೇಶದ ಮೂಲಕ ಬಂದರೂ ಸರಿ. ಹಾಗೆ ದಾಳಿ ನಡೆದಾಗ ಒಂದು ದೇಶ ವ್ಯಾಪಾರದ ಬಾಗಿಲು ಮುಚ್ಚುವುದು ನನಗೆ ಅರ್ಥವಾಗುತ್ತದೆ. ಜನರ ಪ್ರಾಣಕ್ಕಿಂತ ಮಾಲು ದೊಡ್ಡದಲ್ಲ. ನನ್ನ ಕೊರಗು ಬೇರೆ. ಈ ಇಬ್ಬರ ನಡುವೆ ಬಾಗಿಲು ಮುಚ್ಚಿದಾಗ ನೇಪಾಳ, ಭೂತಾನ್, ಶ್ರೀಲಂಕಾಗಳು ಕೂತು ಮಾತಾಡುವ ಸಭೆಯೂ ನಿಂತುಹೋಗುತ್ತದಲ್ಲ.

ಇಲ್ಲಿ ಒಂದು ವಿಷಯ ಬಹಳ ಜನ ತಪ್ಪು ತಿಳಿದಿದ್ದಾರೆ. ಸಾರ್ಕ್ ಸಭೆ ನಿಂತಿದೆ, ಹಾಗಾಗಿ ಸಾಫ್ಟಾವೂ ಸತ್ತಿದೆ ಎಂದುಕೊಳ್ಳುತ್ತಾರೆ. ಇಲ್ಲ. ಒಪ್ಪಂದ ಜಾರಿಯಲ್ಲೇ ಇದೆ. ಅದರ ಸರ್ಟಿಫಿಕೇಟ್ ಹಿಡಿದು ಬಂದ ಸರಕಿಗೆ ರಿಯಾಯಿತಿ ಸಿಗುತ್ತಲೇ ಇದೆ. ನಿಂತಿರುವುದು ಅದರ ಬೆಳವಣಿಗೆ. ಸೂಕ್ಷ್ಮ ಪಟ್ಟಿ ಇನ್ನಷ್ಟು ಚಿಕ್ಕದಾಗಬೇಕು, ಮೂಲದ ನಿಯಮ ಸರಿಯಾಗಬೇಕು, ಪರೀಕ್ಷೆಯ ಪದ್ಧತಿ ಒಂದಾಗಬೇಕು. ಇವನ್ನೆಲ್ಲ ಮಾಡಬೇಕಾದ ಮಂತ್ರಿಗಳ ಮಟ್ಟದ ಮಾತುಕತೆಗೆ ಜೀವ ಇಲ್ಲ.

ಬಾಂಗ್ಲಾ ಜೊತೆ ಏನಾಯಿತು

ಸಾಫ್ಟಾದಿಂದ ನಿಜವಾಗಿ ಲಾಭ ಪಡೆದ ಜೋಡಿ ಯಾವುದು ಎಂದು ಕೇಳಿದರೆ ಭಾರತ-ಬಾಂಗ್ಲಾ ಎಂದೇ ಹೇಳಬೇಕು. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಅಧಿಕಾರ ಬಿಟ್ಟು ಹೋದ ಮೇಲೆ ಅಲ್ಲೂ ಬಿಗಿತ ಬಂತು. 2025ರ ಏಪ್ರಿಲ್‌ನಲ್ಲಿ ಭಾರತ ಒಂದು ಸೌಲಭ್ಯ ನಿಲ್ಲಿಸಿತು. ಬಾಂಗ್ಲಾದ ಸರಕು ನಮ್ಮ ಬಂದರು, ವಿಮಾನ ನಿಲ್ದಾಣಗಳ ಮೂಲಕ ಮೂರನೆಯ ದೇಶಕ್ಕೆ ಹೋಗುತ್ತಿದ್ದ ಸೌಲಭ್ಯ ಅದು. ಅದೇ ತಿಂಗಳು ಬಾಂಗ್ಲಾದೇಶ ಭೂಗಡಿಯ ಮೂಲಕ ನಮ್ಮ ನೂಲು ತರುವುದನ್ನು ತಡೆಯಿತು. ಮೇ 17ರಂದು ಭಾರತ ಬಾಂಗ್ಲಾದ ಸಿದ್ಧ ಉಡುಪು ಭೂಗಡಿಯಿಂದ ಬರುವಂತಿಲ್ಲ, ಕೋಲ್ಕತ್ತ ಮತ್ತು ಮುಂಬೈ ಬಳಿಯ ನವಾ ಶೇವಾ ಬಂದರಿನಿಂದ ಮಾತ್ರ ಬರಬೇಕು ಎಂದಿತು. ಜೂನ್‌ನಲ್ಲಿ ಸೆಣಬಿನ ವಸ್ತುಗಳ ಸರದಿ.

ಗಮನಿಸಿ, ಇದರಲ್ಲಿ ಎಲ್ಲೂ ಸುಂಕದ ಮಾತೇ ಇಲ್ಲ. ಉಡುಪಿಗೆ ಸಾಫ್ಟಾ ರಿಯಾಯಿತಿ ಹಾಗೇ ಇದೆ. ಆದರೆ ಲಾರಿಯಲ್ಲಿ ಗಡಿ ದಾಟಿ ಬರುತ್ತಿದ್ದ ಅಂಗಿ ಈಗ ಹಡಗು ಹತ್ತಿ ಸುತ್ತಿಕೊಂಡು ಬರಬೇಕು. ಒಪ್ಪಂದದ ಒಂದು ಅಕ್ಷರವನ್ನೂ ಬದಲಿಸದೆ ವ್ಯಾಪಾರವನ್ನು ಕುಗ್ಗಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನೂಲಿನ ವಿಷಯವಂತೂ ಮನಸ್ಸಿಗೆ ನಾಟುತ್ತದೆ. ಭಾರತದಲ್ಲಿ ಹತ್ತಿ ಇದೆ, ನೂಲಿನ ಗಿರಣಿ ಇದೆ. ಬಾಂಗ್ಲಾದೇಶದಲ್ಲಿ ಹೊಲಿಯುವ ಕೈಗಳಿವೆ. ಇಂಥ ಜೊತೆಗೆಲಸಕ್ಕೇ ಸಾಫ್ಟಾದಲ್ಲಿ ಒಂದು ಅವಕಾಶ ಇಟ್ಟಿದ್ದಾರೆ. ವಸ್ತುವಿನ ಮೌಲ್ಯದಲ್ಲಿ ಒಟ್ಟು ಅರ್ಧದಷ್ಟು ಸಾರ್ಕ್ ದೇಶಗಳಲ್ಲಿ ಸೇರಿ, ಕೊನೆಯ ದೇಶದಲ್ಲಿ ಶೇ. 20 ಸೇರಿದ್ದರೆ ಅದನ್ನೂ ನಮ್ಮದೇ ಎಂದು ಒಪ್ಪುತ್ತಾರೆ. ಒಂದು ದೇಶದ ನೂಲು, ಇನ್ನೊಂದು ದೇಶದ ಹೊಲಿಗೆ, ಮೂರನೆಯ ದೇಶದಲ್ಲಿ ಮಾರಾಟ. ಈ ಅವಕಾಶ ಹೆಚ್ಚು ಬಳಕೆಯಾಗಲೇ ಇಲ್ಲ.

ಪಕ್ಕದ ದಾರಿಗಳು

ಎಂಟು ಜನ ಒಟ್ಟಿಗೆ ನಡೆಯಲಾಗದಿದ್ದಾಗ ಇಬ್ಬರು, ಮೂವರು, ನಾಲ್ವರು ಸೇರಿ ಬೇರೆ ದಾರಿ ಹಿಡಿದಿದ್ದಾರೆ. ಕಠ್ಮಂಡುವಿನಲ್ಲಿ ನಿಂತ ವಾಹನ ಒಪ್ಪಂದಕ್ಕೆ ಬಾಂಗ್ಲಾ, ಭೂತಾನ್, ಭಾರತ, ನೇಪಾಳ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಸಹಿ ಹಾಕಿದವು. ಆದರೆ ಹೊರಗಿನ ಲಾರಿಗಳು ನುಗ್ಗಿದರೆ ನಮ್ಮ ಪುಟ್ಟ ದೇಶದ ಗತಿಯೇನು ಎಂದು ಭೂತಾನ್ ಸಂಸತ್ತಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಆ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಬಿಮ್‌ಸ್ಟೆಕ್ ಎಂಬ ಇನ್ನೊಂದು ಗುಂಪು 1997ರಿಂದ ಇದೆ. ಪಾಕಿಸ್ತಾನ ಅದರಲ್ಲಿಲ್ಲ, ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಇವೆ. ಮುಕ್ತ ವ್ಯಾಪಾರದ ಚೌಕಟ್ಟಿಗೆ ಅವರು 2004ರಲ್ಲೇ ಸಹಿ ಹಾಕಿದ್ದರೂ ಪೂರ್ತಿ ಒಪ್ಪಂದ ಕೈಗೂಡಿಲ್ಲ. ಪಾಕಿಸ್ತಾನ ಇಲ್ಲದಿದ್ದರೆ ಎಲ್ಲ ಸರಾಗ ಎಂದುಕೊಳ್ಳುವವರು ಇದನ್ನು ನೋಡಬೇಕು. ತಮ್ಮ ರೈತ, ತಮ್ಮ ಕಾರ್ಖಾನೆ ಎಂಬ ಕಾಳಜಿ ಎಲ್ಲ ಕಡೆಯೂ ಇದೆ.

ಸಣ್ಣ ಸಣ್ಣ ಒಪ್ಪಂದಗಳು ಜಾಸ್ತಿ ಕೆಲಸ ಮಾಡಿವೆ. ಭಾರತ-ಶ್ರೀಲಂಕಾ ಒಪ್ಪಂದ 2000ದಿಂದ ನಡೆಯುತ್ತಿದೆ. ಭೂತಾನ್ ಮತ್ತು ಬಾಂಗ್ಲಾ 2020ರ ಡಿಸೆಂಬರ್‌ನಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡವು. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಭಾರತ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ನಮ್ಮ ಅಡಿಕೆ ಬೆಳೆಗಾರರು ಆಗ ಗಾಬರಿಯಾಗಿದ್ದರು. ಗಾಬರಿಗೆ ಕಾರಣವಿತ್ತು. ಅಡಿಕೆಯೊಂದನ್ನೇ ನಂಬಿ ಬದುಕುವ ಊರುಗಳಿವೆ. ಆದರೂ ಪ್ರಮಾಣ ಗೊತ್ತು ಮಾಡಿ, ಬರುವ ದಾರಿ ಗೊತ್ತು ಮಾಡಿ, ಹೇಳಿಯೇ ತರುವುದು, ಗೊತ್ತಿಲ್ಲದೆ ನುಸುಳಿ ಬರುವುದಕ್ಕಿಂತ ಸಾವಿರ ಪಾಲು ಮೇಲು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸುದ್ದಿ ವಿದ್ಯುತ್ತಿನದು. 2024ರ ಅಕ್ಟೋಬರ್‌ನಲ್ಲಿ ನೇಪಾಳ, ಭಾರತ, ಬಾಂಗ್ಲಾ ಸಂಸ್ಥೆಗಳು ಒಂದು ಒಪ್ಪಂದಕ್ಕೆ ಬಂದವು. ನೇಪಾಳದ ನದಿಗಳಲ್ಲಿ ಹುಟ್ಟಿದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಗಳ ಮೂಲಕ ಬಾಂಗ್ಲಾಕ್ಕೆ ಹೋಗಬೇಕು. ಆ ನವೆಂಬರ್‌ನಲ್ಲಿ ಮೊದಲ ಸಲ ಹೋಯಿತು. 2025ರ ಜೂನ್‌ನಿಂದ ಮಳೆಗಾಲದ ಪೂರೈಕೆ ಶುರುವಾಯಿತು. ದಿನ ನೋಡಿ. ಉಡುಪು, ನೂಲು, ಸೆಣಬಿನ ಜಟಾಪಟಿ ನಡೆಯುತ್ತಿದ್ದ ತಿಂಗಳುಗಳೇ ಅವು. ಲಾರಿ ನಿಂತಿತ್ತು, ಕರೆಂಟು ಹರಿಯುತ್ತಿತ್ತು.

ಇನ್ನು ಮುಂದೆ

ಸಾಫ್ಟಾದಿಂದ ಹೊರಬರಬೇಕೆಂದರೆ ಯಾವ ದೇಶವಾದರೂ ಕಠ್ಮಂಡುವಿನ ಸಾರ್ಕ್ ಕಚೇರಿಗೆ ಬರೆದು ತಿಳಿಸಬಹುದು. ಆರು ತಿಂಗಳಿಗೆ ಅದು ಜಾರಿಗೆ ಬರುತ್ತದೆ. ಅಷ್ಟು ಸುಲಭ. ಹಾಗಿದ್ದೂ ಇಷ್ಟೆಲ್ಲ ಜಗಳದ ನಡುವೆಯೂ ಎಲ್ಲರೂ ಅದನ್ನು ಉಳಿಸಿಕೊಂಡೇ ಬಂದಿದ್ದಾರೆ. ಬಿಟ್ಟರೆ ಸಿಗುವುದಕ್ಕಿಂತ ಹೋಗುವುದೇ ಜಾಸ್ತಿ. ಬಾಗಿಲು ಕಿತ್ತು ಹಾಕುವುದು ಸುಲಭ, ಎಂಟು ದೇಶಗಳನ್ನು ಕೂರಿಸಿ ಮತ್ತೆ ಒಂದು ಬಾಗಿಲು ಇಡಿಸುವುದು ಇವತ್ತಿನ ಸ್ಥಿತಿಯಲ್ಲಿ ಆಗದ ಕೆಲಸ.

ಹಾಗಾಗಿ ಸಾಫ್ಟಾ ಒಮ್ಮೆಲೇ ಮುರಿದು ಬೀಳುತ್ತದೆ ಎಂದು ನನಗನ್ನಿಸುವುದಿಲ್ಲ. ಅದಕ್ಕಿರುವ ಅಪಾಯ ಬೇರೆ ಥರದ್ದು. ಒಳಗಿನಿಂದ ಖಾಲಿಯಾಗುವುದು. ಅದಕ್ಕೆ ಒಂದು ದಿನಾಂಕವೂ ಇದೆ.

ಬಾಂಗ್ಲಾದೇಶ ಮತ್ತು ನೇಪಾಳ ತೀರಾ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ 2026ರ ನವೆಂಬರ್ 24. ಭೂತಾನ್ 2023ರ ಡಿಸೆಂಬರ್‌ನಲ್ಲೇ ಹೊರಬಂದಿದೆ. ಇದು ಹೆಮ್ಮೆಯ ವಿಷಯ. ಬಡತನದಿಂದ ಮೇಲೆ ಬಂದರು ಎಂಬುದಕ್ಕೆ ಜಗತ್ತು ಕೊಡುವ ಗುರುತು. ಆದರೆ ಆ ಗುರುತಿನ ಜೊತೆಗೆ ರಿಯಾಯಿತಿಯೂ ಹೋಗುತ್ತದೆ. ಆಗ ಹೇಳಿದ ಎರಡು ಸಂಖ್ಯೆ ನೆನಪಿದೆಯಲ್ಲ? ಬಡ ದೇಶಕ್ಕೆ ನಮ್ಮ ಸೂಕ್ಷ್ಮ ಪಟ್ಟಿ 25 ವಸ್ತುಗಳದ್ದು. ಉಳಿದವರಿಗೆ 614ರದ್ದು. ಒಪ್ಪಂದದಲ್ಲಿ ಬರೆದದ್ದನ್ನು ಹಾಗೇ ಓದಿದರೆ ಬಾಂಗ್ಲಾದೇಶ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಿಗಿಯಬೇಕು. ಮೂಲದ ನಿಯಮದಲ್ಲೂ 30 ಇದ್ದದ್ದು 40 ಆಗಬೇಕು. ಭೂತಾನ್, ನೇಪಾಳಗಳಿಗೆ ಭಾರತದ ಜೊತೆ ಬೇರೆ ಒಪ್ಪಂದಗಳಿವೆ. ಬಾಂಗ್ಲಾಕ್ಕೆ ಹಿಡಿದುಕೊಳ್ಳಲು ಸಾಫ್ಟಾವೇ ಮುಖ್ಯ. ಈ ದಿನವನ್ನು ಮುಂದೂಡಿ ಎಂದು ಅಲ್ಲಿನ ಉದ್ಯಮಿಗಳು ಕೇಳುತ್ತ ಬಂದಿದ್ದಾರೆ. ದಿನ ಮುಂದೆ ಹೋದರೂ ಪ್ರಶ್ನೆ ಅಲ್ಲೇ ಇರುತ್ತದೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಒಪ್ಪಂದದ 12ನೇ ವಿಧಿಯಲ್ಲೇ ಇದೆ. ಮಾಲ್ಡೀವ್ಸ್ ಮುಂದೆ ಬಡ ದೇಶಗಳ ಪಟ್ಟಿಯಿಂದ ಹೊರಬಂದರೂ ಅದಕ್ಕೆ ಬಡ ದೇಶಗಳಿಗೆ ಕೊಡುವ ರಿಯಾಯಿತಿಯೇ ಮುಂದುವರಿಯಬೇಕು ಎಂದು 2004ರಲ್ಲೇ ಬರೆದಿಟ್ಟಿದ್ದರು. 2011ರಲ್ಲಿ ಮಾಲ್ಡೀವ್ಸ್ ಹೊರಬಂತು. ಒಪ್ಪಂದದಲ್ಲಿ ಅದರ ಜಾಗ ಭದ್ರವಾಗಿಯೇ ಇತ್ತು. ಒಂದು ಪುಟ್ಟ ದೇಶಕ್ಕಾಗಿ ಮಾಡಿದ್ದನ್ನು, ಒಂದಷ್ಟು ವರ್ಷದ ಮಟ್ಟಿಗಾದರೂ, ಬೇರೆಯವರಿಗೂ ಮಾಡಬಹುದು. ಎಂಟೂ ಜನ ಸೇರಿ ಒಪ್ಪಂದ ತಿದ್ದುವುದು ಸದ್ಯಕ್ಕೆ ಕಷ್ಟ. ಆದರೆ ಸೂಕ್ಷ್ಮ ಪಟ್ಟಿ ಆಯಾ ದೇಶದ ಕೈಯಲ್ಲಿದೆ. ಭಾರತ 2011ರಲ್ಲಿ 480ನ್ನು 25 ಮಾಡಿದ್ದು ತಾನೇ ಮನಸ್ಸು ಮಾಡಿ. ಈ ಸಲವೂ ಅಂಥದ್ದೇ ಒಂದು ಹೆಜ್ಜೆ ಇಡಬಹುದು. ಅದರ ಜೊತೆಗೇ ಮೂಲದ ಪರಿಶೀಲನೆಯನ್ನು ಗಟ್ಟಿ ಮಾಡಲಿ. ಸರ್ಟಿಫಿಕೇಟ್ ಕೊಟ್ಟ ದೇಶದ ಅಧಿಕಾರಿ ಇಂತಿಷ್ಟು ದಿನದಲ್ಲಿ ಉತ್ತರ ಕೊಡಲೇಬೇಕು ಎಂದಾಗಲಿ. ಆ ವರ್ಷ ಆ ದೇಶದಲ್ಲಿ ಬೆಳೆದ ಮೆಣಸಿಗಿಂತ ಜಾಸ್ತಿ ಮೆಣಸು ಅಲ್ಲಿಂದ ರಫ್ತಾದರೆ ಅದು ತಾನಾಗಿ ಕಣ್ಣಿಗೆ ಬೀಳುವ ಹಾಗೆ ಎರಡೂ ಕಡೆಯ ಲೆಕ್ಕ ಒಂದೇ ಕಡೆ ಸಿಗಲಿ.

ಕೊಡಗಿನ ಬೆಳೆಗಾರ ಕೇಳುತ್ತಿರುವುದೂ ಇದನ್ನೇ. ಶ್ರೀಲಂಕಾದ ಮೆಣಸು ಬರಲೇಬಾರದು ಎಂಬುದಲ್ಲ ಅವರ ತಕರಾರು. ಶ್ರೀಲಂಕಾದ್ದು ಎಂದು ಹೇಳಿಕೊಂಡು ಬಂದ ಮೂಟೆಯಲ್ಲಿ ಶ್ರೀಲಂಕಾದ ಮೆಣಸೇ ಇರಬೇಕು. ಶ್ರೀಲಂಕಾದ ಮಾತಲೆಯ ತೋಟದಲ್ಲಿ ಬಳ್ಳಿ ಹಬ್ಬಿಸಿದ ರೈತನಿಗೂ ಬೇಕಿರುವುದು ಅಷ್ಟೇ.